ತವರು ಮನೆಯ ಮದರ್‌ಬೋರ್ಡು

ಒಂದು ವಸ್ತು ಕೆಟ್ಟರೆ ಅದನ್ನು ಸರಿಪಡಿಸುವುದಕ್ಕೂ ಮೊದಲು ತಪ್ಪು ಯಾರದೆಂದು ತೀರ್ಮಾನವಾಗಬೇಕು ಎಂಬ ಹಂಬಲವೇ ಮನುಷ್ಯನನ್ನು ದನಕರುಗಳಿಂದ ಬೇರೆ ಮಾಡಿದ್ದು. ಕೋರ್ಟು, ಪಂಚಾಯಿತಿ, ಧರ್ಮಶಾಸ್ತ್ರ ಎಲ್ಲವೂ ಈ ಹಂಬಲದಿಂದಲೇ ಹುಟ್ಟಿದವು. ನಮ್ಮ ಮನೆಯಲ್ಲಿ ಅದು ಒಂದು ಮಂಗಳವಾರ ಬೆಳಿಗ್ಗೆ, ಮಂಡಕ್ಕಿಗೆ ಒಗ್ಗರಣೆ ಬೀಳುವ ಹೊತ್ತಿಗೆ, ಕಂಪ್ಯೂಟರಿನ ಗುಂಡಿ ಒತ್ತಿದಾಗ ಹುಟ್ಟಿತು.

ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಕೆಂಪು ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಮೂರು ಎಣಿಸುವುದರೊಳಗೆ ಎಲ್ಲ ನಿಂತಿತು. ಮತ್ತೆ ತನ್ನಷ್ಟಕ್ಕೆ ತಾನೇ ಶುರುವಾಯಿತು, ಮತ್ತೆ ನಿಂತಿತು. ಹೊರಟು ನಿಂತ ನೆಂಟರು ಹೊಸ್ತಿಲ ಹತ್ತಿರ ಹೋಗಿ ಮತ್ತೊಂದು ಮಾತು ನೆನಪಾಗಿ ಒಳಗೆ ಬಂದಂತೆ, ಹೀಗೆ ಹತ್ತು ಸಲ ಮಾಡಿತು.

ನಾನು ಕೊಟ್ಟೂರಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮೇಷ್ಟ್ರು. ಜಗತ್ತಿನ ಎಲ್ಲ ಮುಖ್ಯ ಯುದ್ಧಗಳ ಕಾರಣಗಳನ್ನು ಐದೈದು ಅಂಶಗಳಲ್ಲಿ ಮಕ್ಕಳಿಂದ ಬರೆಸಿದವನು. ನಿವೃತ್ತಿಯ ನಂತರ ಈ ಕಂಪ್ಯೂಟರಿನ ಮುಂದೆ ಕೂತು ನಿವೃತ್ತ ಶಿಕ್ಷಕರ ಸಂಘದ ಪರವಾಗಿ ಮೇಲಿನವರಿಗೆ ಪತ್ರ ಬರೆಯುತ್ತಿದ್ದೆ. ಯಾರೂ ಉತ್ತರ ಕೊಡದ ಪತ್ರಗಳಾದ್ದರಿಂದ ಕಂಪ್ಯೂಟರು ನಿಂತದ್ದರಿಂದ ರಾಜ್ಯದ ಆಡಳಿತಕ್ಕೆ ಏನೂ ಧಕ್ಕೆಯಾಗಲಿಲ್ಲ. ಧಕ್ಕೆಯಾದದ್ದು ನಮ್ಮ ಬೀಗತನಕ್ಕೆ.

ಯಾಕೆಂದರೆ ಈ ಕಂಪ್ಯೂಟರನ್ನು ನಾವು ಅಂಗಡಿಯಿಂದ ಇಡಿಯಾಗಿ ತಂದದ್ದಲ್ಲ. ಅದು ಮುಯ್ಯಿಯಲ್ಲಿ ಬಂದದ್ದು. ನಮ್ಮ ಕಡೆ ಮನೆಯ ಕಾರ್ಯಕ್ಕೆ ಬಂದ ನೆಂಟರು ಉಡುಗೊರೆ ಮಾಡುತ್ತಾರೆ, ಮುಂದೆ ಅವರ ಮನೆಯ ಕಾರ್ಯಕ್ಕೆ ನಾವು ಅದನ್ನು ತಿರುಗಿ ಮಾಡುತ್ತೇವೆ, ಅದೇ ಮುಯ್ಯಿ. ಮಗಳ ಹೆಸರಿಡುವ ಕಾಲದಿಂದ ನಮಗೆ ಮುಯ್ಯಿಯಲ್ಲಿ ಬಂದ ಗೋಡೆ ಗಡಿಯಾರಗಳು ಒಂಬತ್ತು. ಒಂಬತ್ತೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಆದ್ದರಿಂದ ಆರು ವರ್ಷದ ಹಿಂದೆ ಹೊಸ ಮನೆಯ ಗೃಹಪ್ರವೇಶ ಬಂದಾಗ ನನ್ನ ಹೆಂಡತಿ ಎರಡೂ ಕಡೆಯ ನೆಂಟರಿಗೆ ಫೋನು ಮಾಡಿ ಕಟ್ಟಪ್ಪಣೆ ಹೊರಡಿಸಿದಳು: “ಈ ಸಲ ಗಡಿಯಾರ ತಂದ್ರ ಬಾಗಲದಾಗಿಂದ ಹೊಳ್ಳಿ ಕಳಸ್ತೀನಿ. ಇವರಿಗೆ ಒಂದು ಕಂಪ್ಯೂಟರ್ ಬೇಕಂತ. ಎಲ್ಲಾರೂ ಹಂಚ್ಕೊಂಡು ಒಂದೊಂದು ಸಾಮಾನು ಮಾಡ್ರಿ.”

ಹಂಚಿಕೊಂಡರು. ಪರದೆ ನನ್ನ ಶಾಲೆಯ ಸಹೋದ್ಯೋಗಿಗಳದು. ಕೀಲಿಮಣೆ ಕೂಡ್ಲಿಗಿಯ ದೊಡ್ಡಪ್ಪನ ಮನೆಯವರದು. ಪ್ರೊಸೆಸರು, ಅಂದರೆ ಲೆಕ್ಕವೆಲ್ಲ ಮಾಡುವ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬಿಲ್ಲೆ, ಹರಪನಹಳ್ಳಿಯ ನನ್ನ ತಂಗಿಯ ಮನೆಯಿಂದ ಬಂತು. ಅದನ್ನು ಹೊತ್ತು ಕೂರುವ ದೊಡ್ಡ ಹಸಿರು ಹಲಗೆ, ಮದರ್‌ಬೋರ್ಡು, ನನ್ನ ಹೆಂಡತಿಯ ತವರಾದ ಹಡಗಲಿಯಿಂದ ಬಂತು. ಡಬ್ಬಿ ಮತ್ತು ಅದರೊಳಗೆ ಕರೆಂಟು ಹಂಚುವ ಪೆಟ್ಟಿಗೆ ಮಾತ್ರ ನನ್ನ ಪಾಲಿನದು. ಹೀಗೆ ಎರಡು ಬೀಗರ ಮನೆಯ ಸಾಮಾನುಗಳು ಒಂದೇ ಡಬ್ಬಿಯಲ್ಲಿ ಆರು ವರ್ಷ ಜಗಳವಿಲ್ಲದೆ ಬಾಳಿದ್ದವು. ಮನುಷ್ಯರಿಗೆ ಅಷ್ಟು ಕಾಲ ಸಾಧ್ಯವಾಗಿರಲಿಲ್ಲ.

ಕಂಪ್ಯೂಟರು ನಿಂತ ಸುದ್ದಿ ಹರಪನಹಳ್ಳಿಗೆ ಹೇಗೆ ಹೋಯಿತೆಂದು ಕೇಳಿದರೆ, ನಾನೇ ಹೇಳಿದ್ದು. ತಂಗಿ ಬೇರೆ ಏನೋ ವಿಷಯಕ್ಕೆ ಫೋನು ಮಾಡಿದ್ದಳು, ಬಾಯಿ ಜಾರಿತು.

“ಅಣ್ಣಾ, ನಮ್ಮ ಪ್ರೊಸೆಸರ್‌ಗೆ ಏನೂ ಆಗಿರಲ್ಲ ಬಿಡು,” ಎಂದಳು ತಂಗಿ. “ನಮ್ಮವ್ರು ಅದನ್ನ ನೋಡಿ ಮಾಡಿ ತಂದಿದ್ದು. ಆ ಬೋರ್ಡ್ ನೋಡು ಒಂಚೂರು. ನಾ ಆವತ್ತೇ ಅಂದ್ಕೊಂಡಿದ್ದೆ.”

ಅವಳು ‘ಆವತ್ತೇ’ ಏನು ಅಂದುಕೊಂಡಿದ್ದಳೋ ಕೇಳುವ ಧೈರ್ಯ ನನಗಿರಲಿಲ್ಲ. ಆದರೆ ಫೋನಿನ ಧ್ವನಿ ಜೋರಾಗಿತ್ತು, ಒಗ್ಗರಣೆಯ ಸಪ್ಪಳ ನಿಂತಿತ್ತು. ಹೆಂಡತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನಂತ್ರೀ?”

“ಏನಿಲ್ಲ. ಆರಾಮ ಅದಾರಂತ.”

“ನನಗ ಕಿವಿ ಅದಾವು,” ಎಂದಳು. “ಇನ್ನ ಹತ್ತು ದಿನಕ್ಕ ಬಸರಿ ಮಗಳ ಕುಬಸ ಐತಿ. ಈ ಮನ್ಯಾಗ ಊರ ಹೆಣ್ಮಕ್ಕಳೆಲ್ಲ ಕೂಡ್ತಾರ. ನಿಮ್ಮ ತಂಗಿ ಬರ್ತಾಳ. ಉಡಿ ತುಂಬಾಕ ಕುಂತಾಗ ‘ಅತ್ತಿಗಿ, ನಿಮ್ಮ ತವರಿನ ಸಾಮಾನು ಬಾಳಿಕಿ ಬರಲಿಲ್ಲಂತಲ್ಲ’ ಅಂತ ಒಂದು ಮಾತು ಒಗದ್ಲು ಅಂದ್ರ, ನಾನು ಮುಖ ಎಲ್ಲಿ ಇಟ್ಕೊಳ್ಳಿ? ಅದಕ್ಕ ಹೇಳ್ತೀನಿ. ಕುಬಸಕ್ಕಿಂತ ಮದ್ಲ ಇದರದ್ದೊಂದು ತೀರ್ಮಾನ ಆಗ್ಬೇಕು.”

“ತೀರ್ಮಾನ ನಿಮ್ಮ ಕಡೆ ಬರದಿದ್ರ?”

“ಬರತೈತಿ,” ಎಂದಳು. ನ್ಯಾಯದಲ್ಲಿ ಅವಳಿಗೆ ಅಷ್ಟು ವಿಶ್ವಾಸ.

ಕೊಟ್ಟೂರಿನ ಬಸ್‌ ನಿಲ್ದಾಣದ ಹಿಂದೆ ಒಂದು ಕಂಪ್ಯೂಟರ್‌ ರಿಪೇರಿ ಅಂಗಡಿಯಿದೆ. ಅದನ್ನು ನಡೆಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಎರಡು ಮಕ್ಕಳ ತಾಯಿ. ಇತಿಹಾಸದಲ್ಲಿ ಅವಳಿಗೆ ಒಮ್ಮೆಯೂ ನಾನು ಐವತ್ತರ ಮೇಲೆ ಅಂಕ ಕೊಟ್ಟದ್ದಿಲ್ಲ, ಕಾರಣಗಳನ್ನು ಐದು ಬರೆಯದೆ ಒಂದೇ ಬರೆದು ಮುಗಿಸುತ್ತಿದ್ದಳು. ಹೆಂಡತಿಯೊಡನೆ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಾನು ರೋಗದ ಚರಿತ್ರೆಯನ್ನು ಪೀಠಿಕೆಯಿಂದ ಆರಂಭಿಸಿದೆ. ರಿಪೇರಿಯವಳು ಅಷ್ಟರಲ್ಲಿ ಪಕ್ಕದ ತಗಡು ಬಿಚ್ಚಿಯಾಗಿತ್ತು.

“ಸರ್, ಬೀಪ್ ಸೌಂಡ್ ಬಂತೇನ್ರಿ?”

“ಇಲ್ಲವ್ವ.”

“ಫ್ಯಾನ್ ತಿರಗತೈತಿ?”

“ತಿರಗತೈತಿ, ನಿಂದರತೈತಿ, ತಿರಗತೈತಿ.”

“ಹಂಗಾದ್ರ ಇಬ್ರೇ ಕಳ್ಳರು. ಇಲ್ಲಾ ಪ್ರೊಸೆಸರು, ಇಲ್ಲಾ ಬೋರ್ಡು. ಆದ್ರ ಅವರನ್ನ ಹಿಡಿಯೋದಕ್ಕಿಂತ ಮದ್ಲು ಸಣ್ಣ ಪುಟ್ಟ ಮಂದೀನ ಕೇಳಿ ಬಿಡಬೇಕು.”

ಹೆಂಡತಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಸಣ್ಣ ಪುಟ್ಟ ಮಂದಿಯಲ್ಲಿ ಅವಳಿಗೆ ಆಸೆ ಹುಟ್ಟಿತ್ತು. ಮೊದಲು ರ್‍ಯಾಮ್ ಎಂಬ ಪಟ್ಟಿಯನ್ನು ರಿಪೇರಿಯವಳು ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಏನೂ ಆಗಲಿಲ್ಲ. ಬೇರೆ ಪಟ್ಟಿ ಹಾಕಿದಳು. ಏನೂ ಆಗಲಿಲ್ಲ. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ತೆಗೆದು, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಹೊಸದು ಹಾಕಿದಳು. ಏನೂ ಆಗಲಿಲ್ಲ. ಆಮೇಲೆ ಕರೆಂಟಿನ ಪೆಟ್ಟಿಗೆಗೆ ಕೈ ಹಾಕಿದಳು.

“ಇದು ಯಾರು ತಂದಿದ್ದು?” ಎಂದಳು.

“ಇವರೇ ತಂದಿದ್ದು,” ಎಂದು ಹೆಂಡತಿ ತಡಮಾಡದೆ ನನ್ನ ಕಡೆ ಬೆರಳು ತೋರಿಸಿದಳು. ಅವಳ ಮುಖದಲ್ಲಿ ಬೆಳಿಗ್ಗೆಯಿಂದ ಕಾಣದಿದ್ದ ನೆಮ್ಮದಿ ಕಂಡಿತು. “ಅದೇ ಇರ್ಬೇಕು ನೋಡವ್ವ. ಇವರು ಏನ್ ತಂದ್ರೂ ಹಂಗೇ.”

ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಮನೆಯ ಶಾಂತಿಗಾಗಿ ನಾನು ಹೊತ್ತ ತಪ್ಪುಗಳಿಗೆ ಲೆಕ್ಕವಿಲ್ಲ. ಇನ್ನೊಂದಕ್ಕೆ ಹೆಗಲು ಕೊಟ್ಟು ನಿಂತೆ. ಆದರೆ ಬೇರೆ ಪೆಟ್ಟಿಗೆ ಜೋಡಿಸಿದರೂ ಕಂಪ್ಯೂಟರು ಹಿಂದಿನಂತೆಯೇ ಹೊಸ್ತಿಲ ತನಕ ಹೋಗಿ ತಿರುಗಿ ಬರತೊಡಗಿತು. ನಾನು ತಂದ ವಸ್ತು ನಿರ್ದೋಷಿ ಎಂದು ಸಾಬೀತಾಯಿತು. ಆ ಅಂಗಡಿಯಲ್ಲಿ ಅದರಿಂದ ಸಂತೋಷಪಟ್ಟವರು ಯಾರೂ ಇರಲಿಲ್ಲ.

“ಇನ್ನ ಉಳಿದಿದ್ದು ಆ ಇಬ್ರೇ,” ಎಂದಳು ರಿಪೇರಿಯವಳು. “ನಾನು ಕಂಡಂಗ ಪ್ರೊಸೆಸರ್ ಕೆಡೋದು ಕಡಿಮಿ, ಬೋರ್ಡ್ ಕೆಡೋದು ಜಾಸ್ತಿ. ಆದ್ರ...”

“ಅಂದಾಜಿನ ಮಾತು ಬ್ಯಾಡವ್ವ,” ಎಂದು ಹೆಂಡತಿ ತಡೆದಳು. “ಎರಡೂ ಕೆಟ್ಟಾವ ಅಂತ ಹೇಳಾಕ ಬರಂಗಿಲ್ಲೇನು? ಅರ್ಧ ಅರ್ಧ?”

“ಹೆಂಗ ಹೇಳ್ಲಿ ಅಮ್ಮಾ? ನೋಡ್ಬೇಕು. ಈ ಪ್ರೊಸೆಸರ್‌ನ ಚಲೋ ಇದ್ದ ಬ್ಯಾರೆ ಬೋರ್ಡಿಗೆ ಹಾಕಿ ನೋಡ್ಬೇಕು. ಅಲ್ಲಿ ನಡದ್ರ ಇದರ ತಪ್ಪಿಲ್ಲ. ನಡೀದಿದ್ರ ಇದರದೇ ತಪ್ಪು.”

“ಭಾಳ ಸರಳ ಐತಲ್ಲ,” ಎಂದೆ ನಾನು. “ಇದಕ್ಕ ಕಾರಣಗಳು ಒಂದಕ್ಕಿಂತ ಹೆಚ್ಚು...”

“ಕಾರಣ ಒಂದೇ ಇರತೈತ್ರಿ ಸರ್,” ಎಂದಳು. “ಹುಡಕಬೇಕು ಅಷ್ಟೆ.”

ಇಪ್ಪತ್ತು ವರ್ಷದ ಹಿಂದೆ ಹೀಗೆಯೇ ಉತ್ತರ ಬರೆದಿದ್ದಳು. ಆಗ ಎರಡು ಅಂಕ ಕಳೆದಿದ್ದೆ.

ತೊಂದರೆ ಏನೆಂದರೆ, ನಮ್ಮ ಪ್ರೊಸೆಸರು ಹಳೆಯ ಜಾತಿಯದು. ಅದರ ಹೊಟ್ಟೆಯ ಕೆಳಗೆ ನೂರಾರು ಸೂಜಿಗಾಲುಗಳು. ಆ ಕಾಲುಗಳು ಹೊಂದುವ ಬೋರ್ಡು ಅವಳ ಅಂಗಡಿಯಲ್ಲಿ ಇರಲಿಲ್ಲ. ಹಡಗಲಿಯಲ್ಲಿ, ಕೂಡ್ಲಿಗಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ ತನ್ನ ಕಸುಬಿನವರಿಗೆಲ್ಲ ಫೋನು ಮಾಡಿ ಕೇಳಿದಳು. ಎಲ್ಲೂ ಇರಲಿಲ್ಲ. ಆಗ ನನಗೆ ಒಂದು ವಿಷಯ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ತಂಗಿಯ ಗಂಡ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಆರು ವರ್ಷದ ಹಿಂದೆ ನಮಗೆ ಪ್ರೊಸೆಸರು ಕೊಳ್ಳುವಾಗ ಅದೇ ಜಾತಿಯ ಇನ್ನೊಂದನ್ನು ತನ್ನ ಅಂಗಡಿಗೂ ಕೊಂಡು ಕಂಪ್ಯೂಟರು ಮಾಡಿಸಿಕೊಂಡಿದ್ದ. ಅಂದರೆ ನಮ್ಮ ಪ್ರೊಸೆಸರಿನ ಕಾಲು ಹೊಂದುವ ಬೋರ್ಡು ಈ ಸೀಮೆಯಲ್ಲಿ ಇದ್ದದ್ದು ಅವನ ಅಂಗಡಿಯಲ್ಲಿ.

“ಅವರ ಅಂಗಡ್ಯಾಗ?” ಎಂದಳು ಹೆಂಡತಿ. “ಅವರ ಸಾಮಾನು ಕೆಟ್ಟೈತೋ ಇಲ್ಲೋ ಅಂತ ಅವರ ಅಂಗಡ್ಯಾಗೇ ಪರೀಕ್ಷಾ ಮಾಡೋದು? ನಿಮ್ಮ ಶಾಲ್ಯಾಗ ಹುಡುಗರಿಗೆ ಮನಿಯಾಗ ಕುಂತು ಪರೀಕ್ಷಾ ಬರೀರಿ ಅಂತಿದ್ರೇನು?”

ವಾದದಲ್ಲಿ ಹುರುಳಿತ್ತು. ಆದರೆ ಬೇರೆ ದಾರಿಯಿರಲಿಲ್ಲ. ಕಡೆಗೆ ಅವಳು ಮೂರು ಷರತ್ತುಗಳ ಮೇಲೆ ಒಪ್ಪಿದಳು. ಪರೀಕ್ಷೆಯನ್ನು ನಮ್ಮ ರಿಪೇರಿಯವಳೇ ಬಂದು ಮಾಡಬೇಕು. ಬರೀ ಪ್ರೊಸೆಸರಲ್ಲ, ಬೋರ್ಡು ಸಮೇತ ಇಡೀ ಡಬ್ಬಿಯನ್ನು ಒಯ್ಯಬೇಕು, ಆರೋಪ ಇಬ್ಬರ ಮೇಲಿದ್ದಾಗ ಒಬ್ಬನನ್ನೇ ಕರೆಸುವುದು ನ್ಯಾಯವಲ್ಲ. ಮತ್ತು ತವರಿನ ಪರವಾಗಿ ಅವಳ ತಮ್ಮ ಹಡಗಲಿಯಿಂದ ಬಂದು ಖುದ್ದು ಹಾಜರಿರಬೇಕು.

ಶುಕ್ರವಾರ ಡಬ್ಬಿಯನ್ನು ಬಿಳಿ ದುಪ್ಪಟಿಯಲ್ಲಿ ಸುತ್ತಿ ಹೆಂಡತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದಳು. ಕಂಡಕ್ಟರು ಬಹಳ ಹೊತ್ತು ನೋಡಿ, ಚಪ್ಪಲಿ ಬಿಟ್ಟು ನಿಲ್ಲಬೇಕೋ ಬೇಡವೋ ಎಂಬ ಅನುಮಾನದಲ್ಲಿ, “ಯಾವ ದೇವ್ರು ಅಮ್ಮಾ?” ಎಂದು ಮೆತ್ತಗೆ ಕೇಳಿದ.

“ಇನ್ನ ಗೊತ್ತಾಗಿಲ್ಲ,” ಎಂದಳು ಹೆಂಡತಿ. “ಹರಪನಹಳ್ಳ್ಯಾಗ ಗೊತ್ತಾಗತೈತಿ.”

ಅಂಗಡಿಯ ಮುಂದೆ ಮೆಕ್ಕೆಜೋಳದ ಚೀಲಗಳು ಆಳೆತ್ತರ ಪೇರಿಸಿದ್ದವು. ಭಾಮೈದ ನಮಗಿಂತ ಮೊದಲೇ ಬಂದು ಒಂದು ಚೀಲದ ಮೇಲೆ ಕೂತಿದ್ದ. ಅವನು ಮಲ್ಲಿಗೆ ತೋಟದವನು. ಯಾರ ಮನೆಗೆ ಹೋದರೂ ಬಾಳೆ ಎಲೆಯ ಪೊಟ್ಟಣದಲ್ಲಿ ಹೂವು ಒಯ್ಯುತ್ತಾನೆ. ಜಗಳಕ್ಕೆ ಬಂದಾಗಲೂ ತಂದಿದ್ದ. ತಂಗಿ ಅದನ್ನು ಆಗಲೇ ಮುಡಿದುಕೊಂಡು, ಮನೆಯಿಂದ ಮಂಡಕ್ಕಿ ಮಿರ್ಚಿ ತರಿಸಿ, ನಗುನಗುತ್ತ ಓಡಾಡುತ್ತಿದ್ದಳು. ಅವಳ ಗಂಡ ನನ್ನನ್ನು ಕಂಡು ಎದ್ದ.

“ಬರ್ರಿ ಭಾವ, ಬರ್ರಿ. ಬಾರಕ್ಕ. ಬೋರ್ಡ್‌ನ ಇಲ್ಲೀವರೆಗೂ ಹೊತ್ಕೊಂಡು ಬರೋದೇನಿತ್ತು? ಕೊಟ್ಟೂರಾಗೇ ಗುಜರಿಗೆ ಹಾಕಿದ್ರೆ ಆಗ್ತಿತ್ತಲ್ಲ.”

“ಹಾಕೋದು ಯಾವುದು ಅಂತ ಗೊತ್ತಾಗ್ಲಿ ಅಂತ ಬಂದೀವಪ್ಪ,” ಎಂದಳು ನನ್ನ ಹೆಂಡತಿ.

ತೂಕದ ಚೀಟಿ ಬರೆಯುವ ಅಂಗಡಿಯ ಕಂಪ್ಯೂಟರನ್ನು ಆರಿಸಿ ಬಿಚ್ಚಲಾಯಿತು. ಹಮಾಲರು ಚೀಲ ಇಳಿಸುವುದು ಬಿಟ್ಟು ಸುತ್ತ ನಿಂತರು. ಅವರಲ್ಲಿ ಹಿರಿಯನೊಬ್ಬ ಒಳಗೆಲ್ಲ ಇಣುಕಿ ನೋಡಿ, “ಮೆಕ್ಕಿಜೋಳಾಗಿದ್ರೆ ಹಲ್ಲಾಗ ಕಡದು ಹಸಿ ಐತೋ ಒಣಗೈತೋ ಹೇಳಿಬಿಡ್ತಿದ್ವಿ,” ಎಂದು ವಿಷಾದ ಸೂಚಿಸಿದ.

ರಿಪೇರಿಯವಳು ಮೊದಲು ಅಂಗಡಿಯ ಪ್ರೊಸೆಸರನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ನಮ್ಮ ಡಬ್ಬಿಯಿಂದ ನಮ್ಮದನ್ನು ಎತ್ತಿದಳು. ಅದರ ಬೆನ್ನಿಗೆ ಬಿಸಿ ಎಳೆಯಲೆಂದು ಹಚ್ಚಿದ್ದ ಬಿಳಿ ಅಂಟು ಒಣಗಿ ಸುಣ್ಣವಾಗಿತ್ತು. ಬಟ್ಟೆಯಿಂದ ಒರೆಸಿದಳು. ಒರೆಸುವ ಕೈ ನಿಂತಿತು.

“ಇದೇನ್ರಿ ಇದು?”

ಎಲ್ಲರೂ ಬಗ್ಗಿದೆವು. ಬೆಳ್ಳಗೆ ಹೊಳೆಯುವ ತಗಡಿನ ಮೇಲೆ, ಚುಕ್ಕೆ ಚುಕ್ಕೆಯಾಗಿ, ಕನ್ನಡದಲ್ಲಿ ತಂಗಿಯ ಗಂಡನ ಹೆಸರು, ಅಡ್ಡಹೆಸರು ಸಮೇತ, ಕೊನೆಗೆ ‘ಹರಪನಹಳ್ಳಿ’.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ನಾವು ಮುಯ್ಯಿ ಮಾಡುವ ಸ್ಟೀಲಿನ ಕೊಡ, ತಾಟು, ತಂಬಿಗೆ ಯಾವುದನ್ನೂ ಹೆಸರು ಹಾಕಿಸದೆ ಕೊಡುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಅದಕ್ಕೆಂದೇ ಗುಂಯ್‌ಗುಟ್ಟುವ ಸೂಜಿಯ ಯಂತ್ರ ಹಿಡಿದು ಒಬ್ಬ ಕೂತಿರುತ್ತಾನೆ. ಹೆಸರು ಹೇಳಿದರೆ ಕೊರೆದು ಕೊಡುತ್ತಾನೆ. ಹೆಸರಿಲ್ಲದ ಪಾತ್ರೆ ಯಾರದ್ದೆಂದು ಎರಡನೆಯ ತಲೆಮಾರಿಗೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಮುಯ್ಯಿ ತಿರುಗುವುದಿಲ್ಲ. ತಂಗಿಯ ಗಂಡನಿಗೆ ಪ್ರೊಸೆಸರಿನ ಮೇಲಿನ ತಗಡು ಕಂಡಾಗ ಸ್ಟೀಲೇ ಕಂಡಿರಬೇಕು.

“ಹೌದು, ನಾವೇ ಹಾಕಿಸಿದ್ದು,” ಎಂದ ಅವನು. ಹೆಮ್ಮೆ ಪಡಬೇಕೋ ಬಿಡಬೇಕೋ ತೋಚದೆ ಮೀಸೆ ಸವರಿಕೊಂಡ.

ನನ್ನ ಹೆಂಡತಿ ಎದ್ದು ನಿಂತಳು. ಇಂಥ ಅವಕಾಶಕ್ಕಾಗಿ ಮಂಗಳವಾರದಿಂದ ಕಾದಿದ್ದಳು.

“ಅಯ್ಯ ನನ್ನಪ್ಪ! ಇಂಥಾ ಸೂಕ್ಷ್ಮ ಸಾಮಾನಿನ ಮ್ಯಾಲೆ ಸೂಜಿ ಹಿಡಿದು ಹೆಸರು ಕೊರಸ್ತಾರೇನು? ಇದೇನು ತಂಬಿಗಿಯಾ? ಯಾರರ ಬುದ್ಧಿ ಇದ್ದೋರು ಮಾಡೋ ಕೆಲ್ಸ ಏನಿದು? ಹೆಸರು ಕೊರದ್ರ ಕೆಡದ ಇನ್ನೇನು ಆಗತೈತಿ? ಏನವ್ವ, ನೀನೇ ಹೇಳು.”

“ಕೊರೀಬಾರ್ದ್ರಿ,” ಎಂದಳು ರಿಪೇರಿಯವಳು. “ದೊಡ್ಡ ತಪ್ಪು.”

“ಕೇಳಿದ್ರಾ? ದೊಡ್ಡ ತಪ್ಪಂತ. ಎಲ್ಲಾರೂ ಕೇಳ್ರಿ,” ಎಂದು ಹೆಂಡತಿ ಹಮಾಲರನ್ನೂ ಸಾಕ್ಷಿಗೆ ತೆಗೆದುಕೊಂಡಳು. ತಂಗಿಯ ನಗು ಆರಿತ್ತು. ಅವಳು ಗಂಡನನ್ನು ನೋಡಿದ ನೋಟದಲ್ಲಿ ಆ ಸಂಜೆಯ ಅಡಿಗೆಯ ಗತಿ ನನಗೆ ಸ್ಪಷ್ಟವಾಗಿ ಕಂಡಿತು. ಭಾಮೈದ ಮಾತ್ರ, ತನ್ನ ಪಕ್ಷ ಗೆಲ್ಲುತ್ತಿರುವಾಗ, ಯಾಕೋ ಚೀಲದ ಮೇಲೆ ಕೂತಲ್ಲೇ ಕುಗ್ಗುತ್ತಿದ್ದ.

“ಅಕ್ಕಾ,” ಎಂದ ಮೆಲ್ಲಗೆ.

“ನೀ ಸುಮ್ನಿರಲೇ,” ಎಂದಳು ಅಕ್ಕ.

ರಿಪೇರಿಯವಳು ನಮ್ಮ ಪ್ರೊಸೆಸರನ್ನು ಅಂಗಡಿಯ ಬೋರ್ಡಿನಲ್ಲಿ ಇಳಿಸಿ, ಕೊಂಡಿ ಬಿಗಿದು, ಹೊಸ ಅಂಟು ಹಚ್ಚಿ, ಫ್ಯಾನು ಕೂರಿಸಿ ಗುಂಡಿ ಒತ್ತಿದಳು. ಒಂದು ಸಣ್ಣ ಬೀಪ್ ಬಂತು. ಪರದೆ ಬೆಳಗಿತು. ಅಂಗಡಿಯ ತೂಕದ ಚೀಟಿಗಳು ಒಂದೊಂದಾಗಿ ಕಾಣಿಸಿಕೊಂಡವು. ಹರಪನಹಳ್ಳಿಯ ಹೆಸರನ್ನು ಬೆನ್ನ ಮೇಲೆ ಹೊತ್ತ ಪ್ರೊಸೆಸರು ತನ್ನ ಊರಿಗೆ ಬಂದು ಏನೂ ಆಗದವರಂತೆ ಕೆಲಸ ಮಾಡುತ್ತಿತ್ತು.

“ಪ್ರೊಸೆಸರ್ ಚಲೋ ಐತ್ರಿ,” ಎಂದಳು ರಿಪೇರಿಯವಳು. “ಮ್ಯಾಲಿನ ತಗಡು ಗಟ್ಟಿ. ಉಳಕೊಂಡೈತಿ.”

ತಂಗಿ ಹೊಸ ಮಿರ್ಚಿಗಳ ತಾಟು ಹಿಡಿದು ಮೊದಲು ಅತ್ತಿಗೆಯ ಹತ್ತಿರವೇ ಬಂದಳು. “ತಗೋರಿ ಅತ್ತಿಗಿ, ಬಿಸಿ ಅದಾವು.”

ಹೆಂಡತಿ ತಾಟಿನ ಕಡೆ ನೋಡಲಿಲ್ಲ. “ಇಷ್ಟಕ್ಕ ಬೋರ್ಡ್ ಕೆಟ್ಟೈತಿ ಅಂತ ಆಗಲಿಲ್ಲ. ಇವರ ಅಂಗಡಿ ಪ್ರೊಸೆಸರ್‌ನ ನಮ್ಮ ಬೋರ್ಡಿಗೆ ಹಾಕಿ ನೋಡ್ಲಿ. ಎರಡೂ ಕಡೆ ನೋಡಬೇಕು.”

“ನಮ್ಮದು ಕೊಡಲ್ಲ,” ಎಂದ ತಂಗಿಯ ಗಂಡ. “ಕೆಟ್ಟ ಬೋರ್ಡು ಚಲೋದನ್ನ ಸುಟ್ಟುಬಿಟ್ರೆ? ತಿಳಿದೂ ತಿಳಿದೂ ಯಾರಾದ್ರೂ ಅಂಥಾ ಮನಿಗೆ ಹೆಣ್ಣು ಕೊಡ್ತಾರಾ?”

“ಅಂಥಾ ಮನಿ ಅಂದ್ರ?” ಎಂದಳು ನನ್ನ ಹೆಂಡತಿ.

ಐತಿಹಾಸಿಕವಾಗಿ ಹೇಳುವುದಾದರೆ ಯುದ್ಧಗಳು ಇಂಥ ಪ್ರಶ್ನೆಯ ನಂತರವೇ ಆರಂಭವಾಗಿವೆ. ನಾನು ಮಧ್ಯೆ ಹೋಗಬೇಕೆಂದುಕೊಂಡೆ, ಬಾಯಲ್ಲಿ ಮಿರ್ಚಿಯಿತ್ತು. ಅಷ್ಟರಲ್ಲಿ ರಿಪೇರಿಯವಳು, “ಸುಡೋ ಭಯ ಇರೋದು ಖರೇನೇ. ಮದ್ಲು ಬೋರ್ಡ್ ಪೂರಾ ಹೊರಗ ತಗದು ಕಣ್ಣಿಲೆ ನೋಡ್ತೀನಿ, ತಡೀರಿ,” ಎಂದು ತಿರುಪುಗಳನ್ನು ಬಿಚ್ಚತೊಡಗಿದಳು. ಕೊಟ್ಟೂರಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ಡಬ್ಬಿಯೊಳಗೇ ಮಾಡಿದ್ದಳು. ಬೋರ್ಡಿನ ಹಿಂಬದಿಯನ್ನು ಅಲ್ಲಿಯ ತನಕ ಯಾರೂ ಕಂಡಿರಲಿಲ್ಲ.

ತಿರುಪು ಬಿಚ್ಚುತ್ತಿದ್ದಂತೆ ಭಾಮೈದ ಎದ್ದು, “ಬಸ್ಸಿನ ಹೊತ್ತಾತು, ನಾ ಬರ್ತೀನಿ ಮಾವ,” ಎಂದ.

“ಕುಂದ್ರಲೇ,” ಎಂದಳು ಅಕ್ಕ. ಕೂತ.

ರಿಪೇರಿಯವಳು ಬೋರ್ಡನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿದಳು. ಹಿಂಬದಿಯಲ್ಲಿ, ಬೆಸುಗೆ ಚುಕ್ಕೆಗಳಿಲ್ಲದ ನುಣುಪಾದ ಜಾಗ ನೋಡಿ, ಎರಡು ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ನನ್ನ ಮಾವನವರ ಹೆಸರು, ಮನೆತನ, ‘ಹೂವಿನಹಡಗಲಿ’ ಎಂಬ ಊರು, ಅದರ ಕೆಳಗೆ ಒಂದು ಮಲ್ಲಿಗೆ ಮೊಗ್ಗಿನ ಚಿತ್ರ. ಸೂಜಿ ಕೊರೆದಲ್ಲೆಲ್ಲ ಒಳಗಿನ ತಾಮ್ರ ಹೊರಬಿದ್ದು, ಆರು ವರ್ಷದ ಗಾಳಿಗೆ ಕಿಲುಬು ಹತ್ತಿತ್ತು.



“ಇದಕ್ಕ ಮ್ಯಾಲೆ ತಗಡಿರಲ್ರಿ,” ಎಂದಳು ರಿಪೇರಿಯವಳು. “ಇಲ್ಲಿ ಕೂದಲಂಥಾ ಗೆರಿ ಅದಾವಲ್ಲ, ಅವೇ ಕರೆಂಟ್ ಹೋಗೋ ದಾರಿ. ಊರ ಹೆಸರು ಬರಿಯೋವಾಗ ಸೂಜಿ ನಾಲ್ಕೈದು ಗೆರಿ ಅರ್ಧ ಕಡದೈತಿ. ಉಳಿದರ್ಧ ಕಿಲುಬು ತಿಂದೈತಿ. ಇಷ್ಟು ವರ್ಷ ನಡದಿದ್ದೇ ಪುಣ್ಯ.”

ತಂಗಿಯ ಗಂಡ ಬೋರ್ಡನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿದ. “ಅಕ್ಕ,” ಎಂದ ಬಹಳ ವಿನಯದಿಂದ, “ಈಗ ಏನೋ ಅಂದ್ಯಲ್ಲ? ಬುದ್ಧಿ ಇದ್ದೋರು...”

ಹೆಂಡತಿ ತಮ್ಮನ ಕಡೆ ತಿರುಗಿದಳು. “ಯಾಕಲೇ? ನಿನಗ ಯಾರು ಹೇಳಿದ್ರಲೇ ಇದನ್ನ ಮಾಡಾಕ?”

ಭಾಮೈದ ಪಾಪದವನು. ಇಡೀ ದಿನ ಅಕ್ಕನ ಮಾನ ಕಾಯಬೇಕೆಂದು ತಡೆದುಕೊಂಡಿದ್ದ. ಈಗ ತಡೆಯಲಾಗಲಿಲ್ಲ. “ನೀನೇ ಅಲ್ಲೇನಬೇ? ಆಗ ಫೋನ್ ಮಾಡಿ ಏನಂದಿ? ‘ನಾದಿನಿ ಮನಿಯೋರು ಅವರ ಸಾಮಾನಿಗೆ ಹೆಸರು ಹಾಕ್ಸ್ಯಾರಂತ, ನೀನೂ ಅಪ್ಪನ ಹೆಸರು ದೊಡ್ಡದಾಗಿ ಹಾಕ್ಸು, ಇಲ್ಲಾಂದ್ರ ನಾಳಿ ಎಲ್ಲಾ ನಾವೇ ಕೊಟ್ಟಿದ್ದು ಅಂತಾರ’ ಅಂದಿ. ಪಾತ್ರಿ ಅಂಗಡಿಯಂವ ಒಲ್ಲೆ ಅಂದ. ಕಾಡಿ ಬೇಡಿ ಹಾಕ್ಸಿದೆ. ಮೊಗ್ಗೊಂದು ಅಂವ ಪುಗಸಟ್ಟೆ ಹಾಕಿದ.”

ತಾಟಿನಲ್ಲಿದ್ದ ಮಿರ್ಚಿಗಳು ಆರುತ್ತಿದ್ದವು. ಹಿರಿಯ ಹಮಾಲ ಉಳಿದವರಿಗೆ, “ನಡೀರಪಾ, ಚೀಲ ಇಳಿಸ್ರಿ,” ಎಂದು ಹೇಳಿ ಗೌರವದಿಂದ ಹೊರಗೆ ಹೋದ.

ಹಿಂದಿರುಗುವಾಗ ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಗುಂಡಿಗಳು ಬಂದವು, ಹೋದವು. ಅದನ್ನು ಎತ್ತಿ ಹಿಡಿಯಲು ಯಾರೂ ಹೇಳಲಿಲ್ಲ. ರಿಪೇರಿಯವಳು ಮುಂದಿನ ಸೀಟಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಊರು ಹತ್ತಿರ ಬಂದಾಗ ಹೆಂಡತಿ, “ಕಿಲುಬು ತಗದು, ಆ ಗೆರಿ ಕೂಡ್ಸಿದ್ರ ನಡೀಬಹುದೇನೋ,” ಎಂದಳು.

“ಕೇಳೋಣು,” ಎಂದೆ.

“ನಡದ್ರ, ಬೋರ್ಡ್ ಕೆಟ್ಟಿದ್ದಿಲ್ಲ, ಕಿಲುಬು ಹತ್ತಿತ್ತು ಅಷ್ಟೆ ಅಂತ ಹೇಳಬಹುದು.”

“ಹೇಳಬಹುದು.”

“ನಿಮ್ಮ ತಂಗಿ ಬಿಡಂಗಿಲ್ಲ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲದೆ ಕಿಟಕಿಗೆ ಹೇಳಿದಂತೆ, “ನಾನಾದ್ರೂ ಬಿಡ್ತಿದ್ದಿಲ್ಲ,” ಎಂದಳು.

ರಿಪೇರಿಯವಳು ಎರಡು ದಿನ ಭೂತಗನ್ನಡಿ ಹಾಕಿಕೊಂಡು ಕೂತು, ಬ್ರಷ್ಷಿನಿಂದ ಕಿಲುಬು ಬಿಡಿಸಿ, ಕಡಿದ ಗೆರೆಗಳ ಮೇಲೆ ಕೂದಲೆಳೆಯ ತಂತಿ ಬೆಸೆದಳು. ಹಡಗಲಿಯ ‘ಹ’ ಮತ್ತು ‘ಡ’ ಕೂಡಿದವು. ಅದರಾಚೆ ಗೆರೆಗಳು ಬೋರ್ಡಿನ ಒಳಪದರಕ್ಕೆ ಇಳಿದಿದ್ದವು. ಗುಂಡಿ ಒತ್ತಿದಾಗ ಒಂದು ನಿಮಿಷ ಪರದೆ ಬೆಳಗಿತು, ಹೆಂಡತಿ ಕೈ ಮುಗಿದಳು, ಪರದೆ ಆರಿತು. ಆಮೇಲೆ ಬೆಳಗಲಿಲ್ಲ.

“ಇದರಿಂದ ಒಂದಂತೂ ಖಾತ್ರಿ ಆತ್ರಿ ಸರ್,” ಎಂದಳು ರಿಪೇರಿಯವಳು. “ಗೆರಿ ಕೂಡ್ಸಿದಾಗ ಒಂದು ನಿಮಿಷ ನಡೀತು. ಅಂದ್ರ ತಪ್ಪು ಬೋರ್ಡಿಂದೇ. ಅನುಮಾನ ಉಳೀಲಿಲ್ಲ.” ಅನುಮಾನ ಉಳಿದಿದ್ದರೆ ನಮಗೆ ಎಷ್ಟು ಉಪಕಾರವಾಗುತ್ತಿತ್ತೆಂದು ಅವಳಿಗೆ ತಿಳಿಯದು.

ಕುಬಸದ ದಿನ ನಡುಮನೆ ತುಂಬ ಹೆಣ್ಣುಮಕ್ಕಳು. ಹಸಿರು ಸೀರೆ, ಹಸಿರು ಬಳೆಯ ಮಗಳು ಮಣೆಯ ಮೇಲೆ ಕೂತಿದ್ದಳು. ನಾನು ಗಂಡಸರ ನಡುವೆ ಹೊರಗಿನ ಪಡಸಾಲೆಯಲ್ಲಿದ್ದೆ. ಆದರೆ ಕಿಟಕಿಯ ಹತ್ತಿರದ ಕುರ್ಚಿಯನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಂಗಿ ಉಡಿಯಕ್ಕಿ, ಕೊಬ್ಬರಿ, ಸೀರೆ ತಂದು ಮಗಳ ಉಡಿ ತುಂಬಿದಳು. ಹಾಡು ಹೇಳಿದರು. ಹಾಡು ಮುಗಿದು, ತಾಂಬೂಲದ ತಾಟು ಬರುವ ಮುಂಚಿನ ಆ ನಿಶ್ಶಬ್ದದಲ್ಲಿ ಕೂಡ್ಲಿಗಿಯ ದೊಡ್ಡಮ್ಮ ಕೇಳಿದಳು:

“ಏನಬೇ, ಕಂಪ್ಯೂಟರ್ ಕೆಟ್ಟಿತ್ತಂತ? ನಾವು ಕೊಟ್ಟಿದ್ದಕ್ಕ ಏನೂ ಆಗಿಲ್ಲ ಹೌದಿಲ್ಲೋ?”

ತಂಗಿ ಸೆರಗು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡಳು. ಹರಪನಹಳ್ಳಿಯಿಂದ ಬರುವ ದಾರಿಯುದ್ದಕ್ಕೂ ಆ ವಾಕ್ಯವನ್ನು ಅವಳು ನುಣುಪು ಮಾಡಿಕೊಂಡು ತಂದಿರಬೇಕು. ನಾನು ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ನನ್ನ ಹೆಂಡತಿಯ ಧ್ವನಿ ಕೇಳಿಸಿತು. ಅಡಿಗೆಗೆ ಉಪ್ಪು ಸಾಕೋ ಬೇಕೋ ಎಂದು ಹೇಳುವಾಗಿನ ಧ್ವನಿ.

“ನಿಮ್ಮದು ಚಲೋ ಐತ್ರಿ ದೊಡ್ಡಮ್ಮ. ನಮ್ಮ ತವರಿಂದ ಬಂದ ಬೋರ್ಡೇ ಕೆಟ್ಟಿದ್ದು. ಅದರ ಮ್ಯಾಲೆ ಅಪ್ಪನ ಹೆಸರು ಕೊರಸು ಅಂತ ನನ್ನ ತಮ್ಮಗ ನಾನೇ ಹೇಳಿದ್ದೆ. ಅದಕ್ಕ ಕೆಡ್ತು. ಅವನ ತಪ್ಪಿಲ್ಲ.”

ತಂಗಿಯ ಬಾಯಿ ಅರ್ಧ ತೆರೆದೇ ಇತ್ತು. ಆಡಬೇಕೆಂದಿದ್ದ ಮಾತನ್ನು ಅತ್ತಿಗೆ ಆಡಿ ಮುಗಿಸಿದ್ದಳು. ತಂಗಿ ಅತ್ತಿಗೆಯ ಕಡೆ ಸರಿದು ಕೂತಳು.

“ಹೋಗ್ಲಿ ಬಿಡ್ರಿ ಅತ್ತಿಗಿ,” ಎಂದಳು. “ನಮ್ಮವ್ರು ಏನ್ ಕಮ್ಮಿಯಾ? ಅವ್ರೂ ಕೊರ್ಸ್ಯಾರೆ. ತಗಡು ಗಟ್ಟಿ ಇತ್ತು, ನಮ್ಮ ಮಾನ ಉಳೀತು.”

“ನಮ್ಮ ಕೀಲಿಮಣಿಗೂ ಹಾಕ್ಸೀವಬೇ, ತಳದಾಗ,” ಎಂದಳು ದೊಡ್ಡಮ್ಮ.

ಹೆಂಗಸರು ನಗತೊಡಗಿದರು. ಬಹಳ ಹೊತ್ತು ನಕ್ಕರು. ತಾಂಬೂಲದ ತಾಟು ಬಂತು.

ಕೆಟ್ಟಿದ್ದು ಮದರ್‌ಬೋರ್ಡು, ಪ್ರೊಸೆಸರಲ್ಲ. ರಿಪೇರಿಯವಳು ಮುಂದಿನ ವಾರ ಹೊಸಪೇಟೆಯಿಂದ ಅದೇ ಜಾತಿಯ ಬಳಸಿದ ಬೋರ್ಡೊಂದನ್ನು ತರಿಸಿ ಹಾಕಿದಳು, ಕಂಪ್ಯೂಟರು ನಡೆಯುತ್ತಿದೆ.